ನನ್ನ ಸೊನ್ನೆ ಯಾಕೆ ಗುಂಡಗೆ ಬರಲ್ಲ?

ಪ್ರಶ್ನೆ: ಹವ್ಯಾಸಕ್ಕೆ ಕನ್ನಡ ಫಾಂಟ್ ಮಾಡುತ್ತಿದ್ದೇನೆ. ಅನುಸ್ವಾರದ ಸೊನ್ನೆಯೇ ಸರಿಯಾಗುತ್ತಿಲ್ಲ. ಗೆರೆ ಬಾಗಿಸುವ ಹಿಡಿ ಎಳೆದರೆ ಮೂಲೆ ಉಬ್ಬಿ ಚೌಕದ ಹಾಗೆ, ಒಳಗೆ ತಳ್ಳಿದರೆ ಸೊರಗಿ ಗಾಳಿಪಟದ ಹಾಗೆ ಕಾಣುತ್ತದೆ. ಲೆಕ್ಕ ಏನಾದರೂ ಇದೆಯಾ?

ಉತ್ತರ: ಇದೆ. ನೀವು ಎಳೆಯುತ್ತಿರುವುದು ಬೆಜಿಯೆ ಗೆರೆ. ಒಂದು ತುಂಡಿಗೆ ನಾಲ್ಕು ಚುಕ್ಕಿ. ಗೆರೆ ಮುಟ್ಟುವುದು ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ. ನಡುವಿನ ಎರಡು, ಅಂದರೆ ಹಿಡಿಗಳು, ದೂರ ನಿಂತೇ ಅದನ್ನು ತಮ್ಮತ್ತ ಸೆಳೆಯುತ್ತವೆ.

ಗೆರೆ ಎಲ್ಲಿ ಹಾಯುತ್ತದೆ ಅಂತ ಕೈಲೆಕ್ಕದಲ್ಲೇ ನೋಡಬಹುದು. ಸೊನ್ನೆಯ ಕಾಲುಭಾಗ ಸಾಕು. ತ್ರಿಜ್ಯ 100 ಇರಲಿ. ಚುಕ್ಕಿಗಳು (100, 0), (100, 55), (55, 100), (0, 100). ಅಕ್ಕಪಕ್ಕದವುಗಳ ನಟ್ಟನಡುವೆ ಗುರುತು ಹಾಕಿ: (100, 27.5), (77.5, 77.5), (27.5, 100). ಮತ್ತೆ ಅವುಗಳ ನಡುವೆ: (88.75, 52.5), (52.5, 88.75). ಕೊನೆಗೆ ಇವೆರಡರ ನಡುವೆ: (70.625, 70.625). ಇದು ಗೆರೆಯ ಮೇಲೇ ಇರುವ ಚುಕ್ಕಿ! ಕೇಂದ್ರದಿಂದ ಇದರ ದೂರ 99.88. ಕೂದಲೆಳೆಯಷ್ಟು ಕಡಿಮೆ ಆಯ್ತು, ಅಲ್ವಾ? ಹಿಡಿಯನ್ನು 55.23ಕ್ಕೆ ಒಯ್ದರೆ ಅಲ್ಲಿ ಸರಿಯಾಗಿ 100 ಬರುತ್ತದೆ. ಅರ್ಧದ ಬದಲು ಕಾಲು, ಮುಕ್ಕಾಲು ಅಂತ ಅಳೆದರೆ ಬೇರೆ ಚುಕ್ಕಿಗಳೂ ಸಿಗುತ್ತವೆ.

ಈ ಉಪಾಯ ಸಿಟ್ರೋಯೆನ್ ಕಾರು ಕಂಪನಿಯಲ್ಲಿದ್ದ ಪಾಲ್ ದ ಕಾಸ್ತೆಲ್ಜೊ ಅವರದು, 1959ರದ್ದು. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. ಇನ್ನೊಂದು ಕಾರು ಕಂಪನಿ ರೆನೊದ ಪಿಯರ್ ಬೆಜಿಯೆ ತಮ್ಮದೇ ದಾರಿಯಲ್ಲಿ ಇದೇ ಗೆರೆಗೆ ಬಂದು 1960ರ ದಶಕದಲ್ಲಿ ಪ್ರಕಟಿಸಿದರು. ಹೆಸರು ಅವರದಾಯ್ತು. ನನಗಂತೂ ಕಾಸ್ತೆಲ್ಜೊ ಬಗ್ಗೆ ಪಾಪ ಅನಿಸುತ್ತದೆ.

ಹಾಗಂತ 55.23 ಹಾಕಿದರೂ ಅದು ನಿಜವಾದ ವೃತ್ತ ಅಲ್ಲ. ಆಗುವುದೂ ಇಲ್ಲ. ವೃತ್ತದಲ್ಲಿ ಎಕ್ಸ್ ವರ್ಗ ಮತ್ತು ವೈ ವರ್ಗ ಕೂಡಿದರೆ ಮೊತ್ತ ಬದಲಾಗಬಾರದು. ಬೆಜಿಯೆ ಗೆರೆಯಲ್ಲಿ ಎಕ್ಸ್, ವೈ ಎರಡೂ ಬಹುಪದಿಗಳು. ಅವನ್ನು ವರ್ಗ ಮಾಡಿ ಕೂಡಿದಾಗ ಅತಿ ದೊಡ್ಡ ಘಾತದ ಪದಗಳೆರಡೂ ಧನವೇ. ಒಂದನ್ನೊಂದು ಹೊಡೆದುಹಾಕಲು ಆಗಲ್ಲ, ಮೊತ್ತ ಅಲುಗಾಡಿಯೇ ತೀರುತ್ತದೆ. ಪಕ್ಕಾ ವೃತ್ತವೇ ಬೇಕಾದ ಕ್ಯಾಡ್ (ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡುವ) ತಂತ್ರಾಂಶಗಳು ಒಂದು ಬಹುಪದಿಯನ್ನು ಇನ್ನೊಂದರಿಂದ ಭಾಗಿಸಿದ ಗೆರೆ ಬಳಸುತ್ತವೆ.

ನಿಮಗೆ ಅದೆಲ್ಲ ಬೇಡ. 55.23 ಹಾಕಿದರೆ ತಪ್ಪು ಹೆಚ್ಚೆಂದರೆ ತ್ರಿಜ್ಯದ ಶೇ 0.027. ತ್ರಿಜ್ಯ 300 ಯೂನಿಟ್ ಇದ್ದರೆ 0.08 ಯೂನಿಟ್, ಯಾವ ಕಣ್ಣಿಗೂ ಕಾಣಲ್ಲ. ಸುಮ್ನೆ ಮೇಲೆ, ಕೆಳಗೆ, ಎಡ, ಬಲಕ್ಕೆ ಒಂದೊಂದು ಚುಕ್ಕಿ ಇಡಿ. ಹಿಡಿಗಳು ನೇರ ಅಡ್ಡಕ್ಕೆ ಅಥವಾ ಉದ್ದಕ್ಕೆ ಇರಲಿ, ಉದ್ದ ತ್ರಿಜ್ಯದ ಶೇ 55.23. ಚುಕ್ಕಿ ಜಾಸ್ತಿ ಮಾಡಿದಷ್ಟೂ ಗೆರೆ ಗಂಟುಗಂಟಾಗುವ ಅಪಾಯವೇ ಹೆಚ್ಚು.