ಶಾಸಕರ ಆಸ್ತಿ ಐದೇ ವರ್ಷದಲ್ಲಿ ಎರಡು ಮೂರು ಪಟ್ಟಾದರೂ ತೆರಿಗೆ ಇಲಾಖೆ ಯಾಕೆ ಕೇಳುವುದಿಲ್ಲ?

ಆಸ್ತಿಯ ಬೆಲೆ ಏರಿದ ಮಾತ್ರಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ, ಅದಕ್ಕೆ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನಲ್ಲಿ ಜಮೀನು ಕೊಂಡ ಬೆಲೆಯನ್ನೂ ಈಗಿನ ಮಾರುಕಟ್ಟೆ ಬೆಲೆಯನ್ನೂ ಬರೆಯಬೇಕು. 30 ಲಕ್ಷಕ್ಕೆ ಕೊಂಡ ಸೈಟಿನ ಪಕ್ಕ ರಿಂಗ್ ರೋಡ್ ಬಂದು ಬೆಲೆ 2 ಕೋಟಿ ಆಯಿತು ಅಂದುಕೊಳ್ಳಿ. ಮಾರುವ ತನಕ ಆ ಏರಿಕೆಗೆ ಒಂದು ರೂಪಾಯಿಯೂ ತೆರಿಗೆ ಇಲ್ಲ. ರಸ್ತೆ ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿರುವವರು ಯಾರು ಅನ್ನುವುದು ನಿಮಗೂ ಗೊತ್ತಲ್ವಾ?

ಇನ್ನೊಂದು ದಾರಿ ಕೃಷಿ ಆದಾಯ. ಇದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ರೈತರಿಗೆ ಇದು ಬೇಕಾದದ್ದೇ. ಆದರೆ ಲಂಚದ ದುಡ್ಡನ್ನೂ "ಈ ಸಲ ದಾಳಿಂಬೆ ಚೆನ್ನಾಗಿ ಬಂತು" ಅಂತ ತೋರಿಸಿಬಿಟ್ಟರೆ, ಅದು ಸುಳ್ಳು ಅಂತ ಹಿಡಿಯುವುದು ಅಧಿಕಾರಿಗೆ ಕಷ್ಟ. ಹೋದ ವರ್ಷದ ಬೆಳೆ ಈಗ ಹೊಲದಲ್ಲಿ ಇರುವುದಿಲ್ಲ.

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನೇ ನೋಡಿ. ಹೈದರಾಬಾದಿನ ದ್ರಾಕ್ಷಿ ತೋಟದಿಂದ ಎಷ್ಟು ಬಂತು ಅನ್ನುವುದೂ ಅಲ್ಲಿ ವಾದವಾಗಿತ್ತು. 1991–96ರ ಆಸ್ತಿಯ ಬಗ್ಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟದ್ದು 2014ರಲ್ಲಿ.

ಅಂದ ಹಾಗೆ, ಅಫಿಡವಿಟ್‌ನಲ್ಲಿ ಬರೆದದ್ದು ನಿಜವೇ ಅಂತ ಚುನಾವಣಾಧಿಕಾರಿ ತನಿಖೆ ಮಾಡುವುದಿಲ್ಲ. ಸುಳ್ಳು ಬರೆದರೆ ಜಾಸ್ತಿ ಅಂದ್ರೆ 6 ತಿಂಗಳು ಜೈಲು. ಬರೀ ದಂಡ ಕಟ್ಟಿಯೂ ಪಾರಾಗಬಹುದು. ಸ್ವಂತ ದುಡಿಮೆ ಇರುವ ಮಗನ ಹೆಸರಿನ ಆಸ್ತಿಯಂತೂ ಅದರಲ್ಲಿ ಬರುವುದೇ ಇಲ್ಲ.