ಸ್ಕ್ವಿಡ್, ಆಕ್ಟೋಪಸ್ ಸಮುದ್ರದ ಅಷ್ಟು ಆಳದಲ್ಲಿ ಇರ್ತಾವೆ, ಅವುಗಳದೇ ಬಳಗದ ಕಟಲ್‌ಫಿಶ್ ಯಾಕೆ ಇರಲ್ಲ?

ಅದರ ಮೈಯೊಳಗಿನ ಚಿಪ್ಪೇ ಕಾರಣ. ಹಕ್ಕಿ ಪಂಜರದಲ್ಲಿ ಗಿಳಿಗೆ ಕುಕ್ಕೋಕೆ ಬಿಳಿ ಹಗುರ ತುಂಡೊಂದು ಸಿಗಿಸಿರ್ತಾರಲ್ಲ, ಅದೇ ಇದು, ಆಯುರ್ವೇದದವರು ಸಮುದ್ರಫೇನ ಅಂತಾರೆ. ಅದರ ತುಂಬಾ ಸಣ್ಣ ಸಣ್ಣ ಕೋಣೆಗಳು, ಒಳಗೆ ಗ್ಯಾಸ್ ಮತ್ತೆ ಸ್ವಲ್ಪ ದ್ರವ, ಎರಡನ್ನೂ ಹೆಚ್ಚು ಕಮ್ಮಿ ಮಾಡ್ಕೊಂಡು ಪ್ರಾಣಿ ತೇಲುತ್ತೆ. ಆದ್ರೆ ಪ್ರತಿ 10 ಮೀಟರ್ ಇಳಿದ್ರೆ ಸುಮಾರು 1 ಅಟ್ಮಾಸ್ಫಿಯರ್‌ನಷ್ಟು (ಸಮುದ್ರ ಮಟ್ಟದಲ್ಲಿ ಗಾಳಿ ನಮ್ಮ ಮೇಲೆ ಹಾಕೋವಷ್ಟು) ಒತ್ತಡ ಜಾಸ್ತಿ ಆಗುತ್ತೆ, ಹಾಗಾಗಿ ಜಾತಿ ನೋಡ್ಕೊಂಡು ಸುಮಾರು 200ರಿಂದ 600 ಮೀಟರ್ ಒಳಗೆ ಆ ಚಿಪ್ಪು ಒಳಕ್ಕೆ ಕುಸಿದು ಪುಡಿಯಾಗುತ್ತೆ.

ಸ್ಕ್ವಿಡ್‌ಗೆ (ನಮ್ಮ ಮಂಗಳೂರು ಕಡೆ ಬೊಂಡಾಸ್) ಇರೋದು ಪೆನ್ನಿನ ನಿಬ್ ತರದ ತೆಳು ಪಟ್ಟಿ ಅಷ್ಟೇ, ಗ್ಯಾಸ್ ಇಲ್ಲ. ಎಷ್ಟೋ ಆಳದ ಸ್ಕ್ವಿಡ್‌ಗಳು ಸಮುದ್ರದ ನೀರಿಗಿಂತ ಹಗುರವಾದ ಅಮೋನಿಯಂ ದ್ರವ ಮೈಯಲ್ಲಿಟ್ಕೊಂಡೇ ತೇಲ್ತಾವೆ. ಆಕ್ಟೋಪಸ್‌ಗಂತೂ ಒಳಗೆ ಕುಸಿಯೋಕೆ ಏನೂ ಇಲ್ಲ, ಆನೆಕಿವಿ ತರ ರೆಕ್ಕೆ ಇರೋ ಡಂಬೋ ಆಕ್ಟೋಪಸ್ ಹಿಂದೂ ಮಹಾಸಾಗರದಲ್ಲಿ ಹತ್ರ ಹತ್ರ 7000 ಮೀಟರ್ ಆಳದಲ್ಲಿ ಕ್ಯಾಮೆರಾಗೆ ಸಿಕ್ಕಿದೆ!

ಅಮೆರಿಕ ಖಂಡಗಳ ಕರಾವಳೀಲಿ ಕಟಲ್‌ಫಿಶ್ ಇಲ್ಲದೇ ಇರೋದಕ್ಕೂ ಇದೇ ಕಾರಣ ಇರಬಹುದು ಅಂತಾರೆ, ತಳ ಹಿಡ್ಕೊಂಡು ಬದುಕೋ ಪ್ರಾಣಿ ಅಷ್ಟು ಆಳದ ಸಾಗರ ದಾಟೋದು ಹೇಗೆ.