ಕರುಣೆಯ ಹಾಡಿನಿಂದ ನ್ಯಾಯದ ಚರಣವನ್ನು ಬಿಡಬಹುದೇ?

ಚಿತ್ರದುರ್ಗದ ಓದುಗರೊಬ್ಬರು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಅವರು ನಿವೃತ್ತ ಶಿಕ್ಷಕರು, ತಮ್ಮ ಚರ್ಚಿನ ಗಾಯನವೃಂದದಲ್ಲಿ ಬಹುಕಾಲದಿಂದ ಹಾಡುತ್ತಿರುವವರು. ಯೇಸುವಿನ ತಾಯಿ ಮರಿಯಳ ಸ್ತುತಿಗೀತೆಯನ್ನು ಆಧರಿಸಿದ ಕನ್ನಡ ಹಾಡೊಂದನ್ನು ವೃಂದದವರು ಹಬ್ಬಕ್ಕಾಗಿ ಅಭ್ಯಾಸ ಮಾಡುತ್ತಿದ್ದರಂತೆ. ದೇವರು ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿದನು, ಹಸಿದವರ ಹೊಟ್ಟೆ ತುಂಬಿಸಿ ಉಳ್ಳವರನ್ನು ಬರಿಗೈಯಲ್ಲಿ ಕಳುಹಿಸಿದನು ಎಂದು ಹೇಳುವ ಮೂರನೆಯ ಚರಣ ಬೇಡವೆಂದು ಅಲ್ಲಿ ತೀರ್ಮಾನವಾಗಿದೆ, ಪತ್ರ ಬರೆದವರಿಗೂ ಅದು ಸರಿಯೆನಿಸಿದೆ. ಕ್ರೈಸ್ತ ಗೀತೆಗಳ ತಿರುಳು ಕರುಣೆ, ತೀರ್ಪು ದಂಡನೆಗಳ ಮಾತು ಹಳೆಯ ಕಾಲದ ಉಳಿಕೆ, ದಯವೇ ಧರ್ಮದ ಮೂಲವೆಂದು ಸಾರಿದ ನಾಡಿನಲ್ಲಿ ಅದನ್ನೇಕೆ ಹಾಡಬೇಕು ಎಂಬುದು ಅವರ ಪ್ರಶ್ನೆ. ಜೊತೆಗೆ ಹಾಡಿನ ಪುಟದ ಜೆರಾಕ್ಸ್ ಪ್ರತಿಯನ್ನೂ ಇಟ್ಟಿದ್ದಾರೆ. ಮೂರನೆಯ ಚರಣದ ಸುತ್ತ ಪೆನ್ಸಿಲಿನ ಗೆರೆ ಇದೆ, ಅಂಚಿನಲ್ಲಿ ‘ಬಿಡುವುದು’ ಎಂದು ಬರೆದಿದೆ.

ಮಾನ್ಯ ಮೇಷ್ಟ್ರೇ,

ಹಾಡಿನ ಮಾತುಗಳ ಮೇಲೆ ಇಷ್ಟು ಗಮನವಿಟ್ಟು ಬರೆದ ಪತ್ರ ನಮ್ಮ ಕಚೇರಿಗೆ ಬಂದು ಬಹಳ ದಿನಗಳಾಗಿದ್ದವು. ರಾಗ ಸರಿಯಿಲ್ಲ, ಮೈಕು ಜೋರಾಯಿತು, ಕೀಬೋರ್ಡಿನ ಅಬ್ಬರದಲ್ಲಿ ದನಿ ಮುಳುಗಿತು ಎಂಬ ದೂರುಗಳು ಬರುತ್ತವೆ. ಹಾಡು ಏನು ಹೇಳುತ್ತದೆ ಎಂದು ಕೇಳುವವರು ಕಡಿಮೆ. ನೀವು ಕೇಳಿದ್ದೀರಿ, ಅದಕ್ಕಾಗಿ ನಿಮಗೆ ಋಣಿ. ನಿಮ್ಮ ಮಾತಿನಲ್ಲಿ ಹುರುಳಿಲ್ಲದೆಯೂ ಇಲ್ಲ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಮಗುವಿನ ಕಾಯಿಲೆಯನ್ನೋ ತೀರದ ಸಾಲವನ್ನೋ ಹೊತ್ತು ಬರುವವರಿಗೆ ಮೊದಲು ಬೇಕಾದದ್ದು ಸಾಂತ್ವನವೇ. ಹೆದರಿಸುವುದಕ್ಕೆಂದೇ ಕಟ್ಟಿದ ಗೀತೆಗಳೂ ಕ್ರೈಸ್ತ ಪರಂಪರೆಯಲ್ಲಿ ಉಂಟು, ಅವುಗಳ ಪರವಾಗಿ ನಾನು ವಾದಿಸಲಾರೆ.

ಆದರೆ ನೀವು ಬಿಟ್ಟ ಚರಣ ಆ ಜಾತಿಯದಲ್ಲ. ಅದರ ಮೂಲವನ್ನೇ ತೆರೆದು ನೋಡಿ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದ 46ರಿಂದ 55ರವರೆಗಿನ ವಚನಗಳಲ್ಲಿ ಆ ಗೀತೆ ಇದೆ. ಕಥೋಲಿಕ ಸಭೆಯ ಸಂಜೆಯ ಪ್ರಾರ್ಥನೆಯಲ್ಲಿ ಅದು ಇಂದಿಗೂ ಪ್ರತಿದಿನದ ಪಾಠ. ದೇವರ ಕರುಣೆ ತಲೆಮಾರಿನಿಂದ ತಲೆಮಾರಿಗೆ ಇರುವುದೆಂಬ ಮಾತು 50ನೆಯ ವಚನದಲ್ಲಿದೆ, ತನ್ನ ಕರುಣೆಯನ್ನು ನೆನೆದು ಆತನು ಇಸ್ರಾಯೇಲಿಗೆ ನೆರವಾದನೆಂಬ ಮಾತು 54ರಲ್ಲಿದೆ. ಗರ್ವಿಗಳನ್ನು ಚದುರಿಸಿದ್ದು, ಬಲಿಷ್ಠರನ್ನು ಇಳಿಸಿ ದೀನರನ್ನು ಎತ್ತಿದ್ದು, ಹಸಿದವರಿಗೆ ಉಣಿಸಿದ್ದು ಇವೆರಡರ ನಡುವೆ ಬರುತ್ತವೆ. ಗೀತೆಯ ಕಟ್ಟು ಹೀಗಿರುವಾಗ ನಡುವಿನ ಮೂರು ವಚನಗಳನ್ನು ಕರುಣೆಗೆ ಹೊರಗಿನವು ಎಂದು ಓದುವುದು ಹೇಗೆ? ಕರುಣೆಯೆಂದರೆ ಏನು ಮಾಡುವುದು ಎಂಬುದನ್ನು ಗೀತೆ ಹೇಳುವುದೇ ಅಲ್ಲಿ. ಇನ್ನೊಂದನ್ನೂ ಗಮನಿಸಿ. ಉಳ್ಳವರನ್ನು ಈ ಗೀತೆ ಕೊಲ್ಲುವುದಿಲ್ಲ, ಸುಡುವುದಿಲ್ಲ, ಬರಿಗೈಯಲ್ಲಿ ಕಳುಹಿಸುತ್ತದೆ, ಅಷ್ಟೆ. ಹಸಿದವರು ದಿನವೂ ಕಂಡದ್ದನ್ನು ಅವರೂ ಒಮ್ಮೆ ಕಾಣುತ್ತಾರೆ.

ಹಾಡನ್ನು ಅರ್ಥೈಸುವಾಗ ಅದು ಯಾರ ಬಾಯಿಂದ ಹೊರಟಿದೆ ಎಂದು ಕೇಳದೆ ಮುಂದೆ ಹೋಗಬಾರದು ಎಂಬುದು ನನ್ನ ಬಲವಾದ ನಂಬಿಕೆ. ಇದನ್ನು ಹಾಡಿದವಳು ರೋಮನರ ಆಳ್ವಿಕೆಯಲ್ಲಿ, ಹೆರೋದನ ಕಾಲದಲ್ಲಿ ಬದುಕಿದ ನಜರೇತಿನ ಬಡ ಹೆಣ್ಣುಮಗಳು. ಗದ್ದುಗೆಯ ಮಾತು ಅವಳಿಗೆ ಅಲಂಕಾರವಲ್ಲ. ದಾವಣಗೆರೆಯಲ್ಲಿ ಹತ್ತಿಗಿರಣಿಗಳು ಮುಚ್ಚಿದ ಮೇಲಿನ ಒಂದು ಕ್ರಿಸ್‌ಮಸ್ ಕಾಲದಲ್ಲಿ, ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ತಂಡದ ಜೊತೆ ನಾನು ಗಿರಣಿಯ ನೌಕರರೊಬ್ಬರ ಮನೆಗೆ ಹೋಗಿದ್ದೆ. ತಂಡದವರು ಇಂಥದೇ ಹಾಡೊಂದನ್ನು ಮುಗಿಸಿ ಹೊರಡಲು ಎದ್ದಾಗ, ಗೋಡೆಗೆ ಒರಗಿ ಕುಳಿತಿದ್ದ ಆ ಹಿರಿಯರು “ಆ ಹಸಿದವರದ್ದು ಇನ್ನೊಂದು ಸಲ ಹೇಳ್ರಪ್ಪಾ” ಎಂದರು. ಎರಡನೆಯ ಬಾರಿ ಅವರೂ ದನಿಗೂಡಿಸಿದರು, ಒಲೆಯ ಮುಂದಿದ್ದ ಅವರ ಪತ್ನಿ ತಟ್ಟುತ್ತಿದ್ದ ರೊಟ್ಟಿಯನ್ನು ಬಿಟ್ಟು ಬಾಗಿಲಿಗೆ ಬಂದು ನಿಂತರು. ಆ ಮನೆಯಲ್ಲಿ ಆ ಸಾಲು ದಂಡನೆಯಾಗಿ ಕೇಳಿಸಲಿಲ್ಲ. ಅದನ್ನು ದಂಡನೆಯೆಂದು ಕೇಳುವುದಕ್ಕೆ ಹೊಟ್ಟೆ ತುಂಬಿರಬೇಕಾಗುತ್ತದೆ, ಮೇಷ್ಟ್ರೇ. ಕಟುವಾಯಿತೆಂದು ತಿಳಿಯಬೇಡಿ, ಈ ಮಾತು ನನಗೂ ಅನ್ವಯಿಸುತ್ತದೆ.

ಕರುಣೆಯ ಹಾಡೆಂದರೆ ಜಗತ್ತು ನೆನೆಯುವ ‘ಅಮೇಜಿಂಗ್ ಗ್ರೇಸ್’ ಗೀತೆಯ ಕಥೆಯನ್ನೂ ಪೂರ್ತಿಯಾಗಿ ಹೇಳಬೇಕು. ಅದನ್ನು ಬರೆದ ಜಾನ್ ನ್ಯೂಟನ್ 1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರನ್ನು ಕೂಗಿದನು, ಬದುಕಿದನು, ಮನಸ್ಸು ತಿರುಗಿತು ಎಂದು ಪ್ರವಚನಗಳಲ್ಲಿ ಕೇಳುತ್ತೇವೆ. ಆ ಮೇಲೂ ಆತ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದನು ಎಂಬುದನ್ನು ಹೇಳುವವರು ವಿರಳ. ಕಡಲನ್ನು ಬಿಟ್ಟದ್ದು 1754ರಲ್ಲಿ, ಅದೂ ಆರೋಗ್ಯ ಕೆಟ್ಟಿದ್ದರಿಂದ. 1773ರ ಹೊಸವರ್ಷದ ದಿನದ ಪ್ರವಚನಕ್ಕೆಂದು ಕಟ್ಟಿದ ಆ ಗೀತೆ 1779ರಲ್ಲಿ ಅಚ್ಚಾಯಿತು. ಅದರಲ್ಲಿ ಕುರುಡು ನೀಗಿ ಕಣ್ಣು ಬಂದ ಸಂತೋಷವಿದೆ, ಆದರೆ ಹಡಗಿನ ತಳದಲ್ಲಿ ಸರಪಳಿ ತೊಟ್ಟಿದ್ದ ಒಬ್ಬನೇ ಒಬ್ಬ ಮನುಷ್ಯನಿಲ್ಲ. ಅವರು ನ್ಯೂಟನ್ನನ ಬರವಣಿಗೆಗೆ ಸಾರ್ವಜನಿಕವಾಗಿ ಬಂದದ್ದು 1788ರಲ್ಲಿ, ಆತ ಗುಲಾಮರ ವ್ಯಾಪಾರದ ವಿರುದ್ಧ ಕಿರುಹೊತ್ತಿಗೆ ಬರೆದು ತಾನು ಕಂಡದ್ದನ್ನೂ ಮಾಡಿದ್ದನ್ನೂ ಒಪ್ಪಿಕೊಂಡಾಗ. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ಆತ ತೀರಿಕೊಂಡನು. ಗೀತೆಯನ್ನು ನಾನು ಪ್ರೀತಿಸುತ್ತೇನೆ, ಆದರೆ ಆ ಹೊತ್ತಿಗೆಯನ್ನು ಪಕ್ಕದಲ್ಲಿಟ್ಟುಕೊಂಡಾಗ ಮಾತ್ರ ಅದರ ಕರುಣೆ ನನಗೆ ಪೂರ್ತಿ ನಂಬಿಕೆಯಾಗುತ್ತದೆ. ಅತ್ತ ಅಮೆರಿಕದಲ್ಲಿ ಗುಲಾಮರಾಗಿದ್ದವರೇ ಕಟ್ಟಿದ ಹಾಡುಗಳನ್ನು ನೋಡಿ. ಗುಲಾಮಗಿರಿಯಲ್ಲೇ ಹುಟ್ಟಿದ ಹಲವರಿದ್ದ ಫಿಸ್ಕ್ ವಿಶ್ವವಿದ್ಯಾಲಯದ ಗಾಯಕರು 1871ರಲ್ಲಿ ಊರೂರು ತಿರುಗಿ ಹಾಡತೊಡಗಿದಾಗ, ಇಸ್ರಾಯೇಲರ ನಾಯಕ ಮೋಶೆ ಈಜಿಪ್ಟಿನ ಅರಸ ಫರೋಹನ ಮುಂದೆ ನಿಂತು ನನ್ನ ಜನರನ್ನು ಬಿಡು ಎಂದು ಕೇಳುವ ಗೀತೆ ಅವರ ಜೊತೆಗಿತ್ತು. ಅವರ ಬಾಯಲ್ಲಿ ಬಿಡುಗಡೆಯೂ ಕರುಣೆಯೂ ಬೇರೆಬೇರೆಯಾಗಿರಲಿಲ್ಲ.

ಪಶ್ಚಾತ್ತಾಪದ ಗೀತೆಗಳಲ್ಲಿ ಹೆಸರಾದ 51ನೆಯ ಕೀರ್ತನೆಯೂ ಹೀಗೆಯೇ ಅರ್ಧ ಓದಿಗೆ ಸಿಕ್ಕಿದೆ. ಕರುಣಿಸು ದೇವಾ ಎಂದು ಶುರುವಾಗುವ ಅದನ್ನು ಕೇಳಿದರೆ ಯಾರ ವೈಯಕ್ತಿಕ ನೋವಾದರೂ ಅದಾಗಬಹುದು. ಆದರೆ ಬೈಬಲಿನಲ್ಲಿ ಅದಕ್ಕೊಂದು ತಲೆಬರಹವಿದೆ: ದಾವೀದನು ಬತ್ಷೆಬೆಯಲ್ಲಿಗೆ ಹೋದ ಮೇಲೆ ಪ್ರವಾದಿ ನಾತಾನನು ಅವನ ಬಳಿಗೆ ಬಂದಾಗಿನದು ಎಂದು. ಆಕೆಯ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ ಅರಸನ ಮುಂದೆ, ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಕಥೆ ಹೇಳಿ, “ಆ ಮನುಷ್ಯ ನೀನೇ” ಎಂದವನು ನಾತಾನ. ನಮ್ಮ ಹಾಡಿನ ಪುಸ್ತಕಗಳು ಆ ತಲೆಬರಹವನ್ನು ಬಿಟ್ಟು ಅಚ್ಚು ಹಾಕುತ್ತವೆ. ತಲೆಬರಹ ಹೋದೊಡನೆ ಊರೀಯನೂ ಹೋಗುತ್ತಾನೆ, ಕರುಣೆ ಬೇಡುವವನ ಕಣ್ಣೀರಷ್ಟೇ ಉಳಿಯುತ್ತದೆ. ನಿಮ್ಮ ಹಾಡುಗಳ ಗದ್ದಲವನ್ನು ನನ್ನಿಂದ ತೊಲಗಿಸಿರಿ, ನ್ಯಾಯವು ನೀರಿನಂತೆ ಹರಿಯಲಿ ಎಂದು ದೇವರೇ ಪ್ರವಾದಿ ಆಮೋಸನ ಬಾಯಿಂದ ನುಡಿಸಿದ್ದು ಇಂಥ ಗಾಯನವನ್ನು ಕುರಿತೇ. ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಆ ಮಾತನ್ನೇ ಎತ್ತಿಕೊಂಡರು.

ನೀವು ಬಸವಣ್ಣನವರನ್ನು ನೆನೆದಿದ್ದೀರಿ. ದಯವೇ ಧರ್ಮದ ಮೂಲವೆಂದ ಆ ಶರಣರ ಕಲ್ಯಾಣದಲ್ಲೇ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಹಿರಿಯರಿಬ್ಬರೂ ಪ್ರಾಣ ತೆತ್ತರು ಎಂದು ಪರಂಪರೆ ಹೇಳುತ್ತದೆ. ಆ ದಯೆ ಗದ್ದುಗೆಗೆ ಸಿಟ್ಟು ಬರಿಸಿದ ದಯೆ. ಇನ್ನು ನಮ್ಮ ಮಕ್ಕಳೆಲ್ಲ ಕಲಿಯುವ ಗೋವಿನ ಹಾಡನ್ನು ತೆಗೆದುಕೊಳ್ಳಿ. ಪುಣ್ಯಕೋಟಿಯನ್ನು ಬಿಟ್ಟುಬಿಡುವಲ್ಲಿಗೆ ಆ ಹಾಡು ನಿಲ್ಲುವುದಿಲ್ಲ. ತಾನು ತಿನ್ನಹೊರಟದ್ದು ಎಂಥವಳನ್ನು ಎಂದು ಅರಿತ ಹುಲಿ ಬದುಕಲಾರದೆ ಪ್ರಾಣ ಬಿಡುತ್ತದೆ. ಕೊನೆಯ ಆ ಭಾಗವನ್ನು ಕತ್ತರಿಸಿದರೆ ಉಳಿಯುವುದು ಒಳ್ಳೆಯ ಹುಲಿಯ ಕಥೆ, ಗೋವಿನ ಹಾಡಲ್ಲ. ಲೂಕನ 19ನೆಯ ಅಧ್ಯಾಯದ ಸುಂಕದವ ಜಕ್ಕಾಯನ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ನನಗೆ ಬಹಳ ಇಷ್ಟ. ಯೇಸು ತಾನಾಗಿ ಅವನ ಮನೆಗೆ ಹೋಗುತ್ತಾನೆ, ಅದು ಕರುಣೆ. ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ನಮ್ಮ ಹುಲಿ ನಾಚಿ ಸತ್ತಿತು, ಜಕ್ಕಾಯ ನಾಚಿ ಬದುಕಿದ. ಬದುಕಿದ್ದರಿಂದಲೇ ಸಾಲ ತೀರಿಸಲು ಸಾಧ್ಯವಾಯಿತು. ಕ್ರೈಸ್ತ ಗೀತೆಗಳ ಕರುಣೆಯ ವಿಶೇಷವೇ ಅದು ಎಂದು ನನಗೆ ತೋರುತ್ತದೆ: ತಪ್ಪಿತಸ್ಥನನ್ನು ಅದು ಉಳಿಸಿಕೊಳ್ಳುತ್ತದೆ, ಕಿತ್ತುಕೊಂಡದ್ದನ್ನು ಅವನ ಕೈಯಿಂದಲೇ ಹಿಂದೆ ಕೊಡಿಸುತ್ತದೆ. ಹೀಗಿರುವಾಗ ಜಕ್ಕಾಯನ ಹಾಡುಗಳು, ಅವನು ಯೇಸುವನ್ನು ನೋಡಲೆಂದು ಅತ್ತಿಯ ಮರ ಹತ್ತಿ ಇಳಿದು ಊಟಕ್ಕೆ ಕುಳಿತಲ್ಲಿಗೆ ಮುಗಿದುಬಿಟ್ಟರೆ ನನಗೆ ಸಿಟ್ಟು ಬರುತ್ತದೆ.

ಇದೆಲ್ಲ ನಿಮ್ಮೊಬ್ಬರ ವೃಂದದ ಮೇಲಿನ ದೂರಲ್ಲ. ಕನ್ನಡದಲ್ಲಿ ಹಾಡನ್ನು ಕವಿತೆಯಾಗಿ ಓದುವ ಅಭ್ಯಾಸವೇ ಸೊರಗಿದೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. ನಿಘಂಟಿನ ಕಿಟ್ಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದರು. ಯೇಸುವಿನ ಶಿಲುಬೆಯ ಮರಣವನ್ನು ಕುರಿತ, ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದ ಬಗ್ಗೆ ವಿಮರ್ಶಕರು ಬರೆದಿದ್ದಾರೆ, ಏಕೆಂದರೆ ಅದು ದೊಡ್ಡ ಕವಿಯ ಕಾವ್ಯ. ಆದರೆ ತಲೆಮಾರುಗಳಿಂದ ಜನರ ಬಾಯಲ್ಲಿರುವ ನೂರಾರು ಕನ್ನಡ ಕ್ರೈಸ್ತ ಗೀತೆಗಳನ್ನು ಕೈಗೆತ್ತಿಕೊಂಡು, ಇಲ್ಲಿ ನ್ಯಾಯ ಹೇಗೆ ಬಂದಿದೆ, ಕರುಣೆ ಯಾರ ಕಡೆಗೆ ತಿರುಗಿದೆ ಎಂದು ಪರಿಶೀಲಿಸಿದ ಬರಹಗಳು ಎಷ್ಟಿವೆ? ಹಾಡಿನ ಪುಸ್ತಕಗಳಲ್ಲಿ ಬರೆದವರ ಹೆಸರು ಇರುವುದಿಲ್ಲ, ರಾಗದ ಹೆಸರು ಇರುತ್ತದೆ. ಸಮಯವಿಲ್ಲವೆಂದು ಮೊದಲ ಮತ್ತು ಕೊನೆಯ ಚರಣ ಹಾಡಿ ಮುಗಿಸುತ್ತಾರೆ. ಭಾವಗೀತೆಯ ವೇದಿಕೆಗಳಲ್ಲೂ ಇದೇ ನಡೆಯುತ್ತಿದೆ, ಕವಿ ಕಷ್ಟಪಟ್ಟು ಕಟ್ಟಿದ ನಡುವಿನ ಚರಣಗಳೇ ಮೊದಲು ಬಲಿಯಾಗುತ್ತವೆ.

ನಿಮ್ಮ ವೃಂದದ ಹಿರಿಯರಲ್ಲಿ ಯಾರಿಗಾದರೂ ಆ ಹಾಡು ಬರೆದವರು ಯಾರೆಂದು ಗೊತ್ತಿದ್ದರೆ ದಯವಿಟ್ಟು ವಿಚಾರಿಸಿ ತಿಳಿಸಿ. ಅವರ ಹೆಸರಿನೊಂದಿಗೆ ನಾಲ್ಕೂ ಚರಣಗಳನ್ನು ನಮ್ಮ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಇಂಥ ಹಳೆಯ ಹಾಡಿನ ಪುಸ್ತಕಗಳು ಬೇರೆ ಓದುಗರ ಮನೆಗಳಲ್ಲಿದ್ದರೆ, ಬಿಟ್ಟುಹೋದ ಚರಣಗಳ ನಕಲನ್ನು ಅವರೂ ಕಳುಹಿಸಬಹುದು.

— ಸಂಪಾದಕ